ಉಯಿಲು ಇಬ್ಬರೂ ಬರೆಯಿರಿ

ಚಿ. ಸೌ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನಮ್ಮಿಬ್ಬರಿಗೂ ಏನಾದರೂ ಆದರೆ ಮಕ್ಕಳು ಯಾರ ಪಾಲಿಗೆ ಎಂದು ನೀನು ಕೇಳಿದ್ದಕ್ಕೆ ನಿಮ್ಮಮ್ಮ "ಬಿಡ್ತು ಅನ್ನು" ಎಂದು ಗದರಿದಳಂತೆ. ಅವಳ ಸಂಕಟ ಅವಳದು. ಆದರೆ ನೀನು ಕೇಳಿದ್ದು ಸರಿ. ದೊಡ್ಡವಳಿಗೆ ಆರು, ಚಿಕ್ಕವನಿಗೆ ಎರಡು. ಅವನಿಗೆ 18 ತುಂಬಲು ಇನ್ನೂ ಹದಿನಾರು ವರ್ಷ ಇದೆ.

ಮಕ್ಕಳಿಗೆ ಪಾಲಕರನ್ನು, ಅಂದರೆ ನೀವಿಲ್ಲದಾಗ ನಿಮ್ಮ ಜಾಗದಲ್ಲಿ ನಿಲ್ಲುವ ಗಾರ್ಡಿಯನ್ನರನ್ನು, ನೇಮಿಸುವ ಜಾಗ ಉಯಿಲು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 9ನೇ ಕಲಮು ಇದಕ್ಕೆ ದಾರಿ. ಅದರಲ್ಲೊಂದು ತಿರುವಿದೆ, ಬಹಳ ಜನ ಎಡವುವುದು ಅಲ್ಲೇ. ತಂದೆ ಉಯಿಲಿನಲ್ಲಿ ಒಬ್ಬರನ್ನು ನೇಮಿಸಿ ತೀರಿಕೊಂಡ, ತಾಯಿ ಬದುಕಿದ್ದಾಳೆ ಎಂದರೆ ಆ ನೇಮಕಕ್ಕೆ ಬೆಲೆಯಿಲ್ಲ, ತಾಯಿಯೇ ಪಾಲಕಿ. ಆಮೇಲೆ ಅವಳು ತನ್ನ ಉಯಿಲಿನಲ್ಲಿ ಯಾರನ್ನಾದರೂ ನೇಮಿಸಿದ್ದರೆ ಅದೇ ನಡೆಯುತ್ತದೆ. ಏನೂ ಬರೆಯದೆ ಹೋದರೆ ಮಾತ್ರ ತಂದೆಯ ನೇಮಕಕ್ಕೆ ಮತ್ತೆ ಜೀವ ಬರುತ್ತದೆ. ಅದೇ ರೀತಿ, ತಂದೆ ಇರುವಾಗ ತಾಯಿ ತೀರಿಕೊಂಡರೆ ಅವಳ ನೇಮಕ ನಡೆಯುವುದಿಲ್ಲ. ಕೊನೆಗೆ ಉಳಿಯುವವರು ಯಾರೆಂದು ಇವತ್ತು ಹೇಳಲು ಬರುವುದಿಲ್ಲವಲ್ಲ. ಆದ್ದರಿಂದ ಗಂಡ ಬರೆದರೆ ಸಾಕು ಎಂದುಕೊಳ್ಳಬೇಡ. ಇಬ್ಬರೂ ಬೇರೆ ಬೇರೆ ಉಯಿಲು ಬರೆಯಿರಿ, ಎರಡರಲ್ಲೂ ಒಂದೇ ಹೆಸರು ಇರಲಿ. ಒಂದೇ ಅಪಘಾತದಲ್ಲಿ ಇಬ್ಬರಿಗೂ ಆಪತ್ತು ಬಂದರೂ ಯಾರು ಮೊದಲು ಹೋದರು ಎಂಬ ತಕರಾರೇ ಏಳುವುದಿಲ್ಲ. (ಈ ಕಾಯ್ದೆ ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ. ನಿನ್ನ ಗೆಳತಿಯರು ಬೇರೆ ಧರ್ಮದವರಾದರೆ ಅವರ ನಿಯಮ ಬೇರೆ, ಇದನ್ನೇ ನಕಲು ಮಾಡಲು ಹೇಳಬೇಡ.)

ಹೆಸರು ಆರಿಸುವಾಗ "ಅಜ್ಜ ಅಜ್ಜಿ ಇದ್ದಾರಲ್ಲ" ಎನ್ನಬೇಡ. ಪ್ರೀತಿಗೆ ಕೊರತೆಯಿಲ್ಲ, ವಯಸ್ಸಿಗೆ ಇದೆ. "ಅಣ್ಣ ಅತ್ತಿಗೆ" ಎಂದು ಜೋಡಿಯಾಗಿ ಬರೆದರೆ ಅವರಲ್ಲಿ ಒಬ್ಬರು ತೀರಿಕೊಂಡಾಗ, ಇಲ್ಲವೇ ಬೇರೆಯಾದಾಗ ಗೊಂದಲ. ಒಬ್ಬರ ಹೆಸರು ಬರೆದು, ಅವರಿಗೆ ಆಗದಿದ್ದರೆ ಇಂಥವರು ಎಂದು ಎರಡನೆಯ ಹೆಸರನ್ನೂ ಸೇರಿಸು. ಇಬ್ಬರನ್ನೂ ಮೊದಲೇ ಕೂರಿಸಿಕೊಂಡು ಕೇಳು. ಒಲ್ಲೆ ಎನ್ನುವವರ ಮೇಲೆ ಉಯಿಲಿನಿಂದ ಹೊರೆ ಹೊರಿಸಲು ಆಗುವುದಿಲ್ಲ. ಅಮೆರಿಕದಲ್ಲಿರುವ ನಿನ್ನ ತಮ್ಮನ ಹೆಸರು ಬರೆಯುವ ಆಸೆಯಿದ್ದರೆ ನೆನಪಿಡು: ಪಾಲಕತ್ವದ ಕಾಗದವೊಂದೇ ಮಕ್ಕಳಿಗೆ ವೀಸಾ ಕೊಡಿಸುವುದಿಲ್ಲ. ನಾಳೆ ಬೆಳಿಗ್ಗೆ ಬಂದು ಮಕ್ಕಳ ಕೈಹಿಡಿಯುವವರು ಊರಿನಲ್ಲೇ ಇರಬೇಕು. ಮಕ್ಕಳಿಬ್ಬರನ್ನೂ ಒಟ್ಟಿಗೇ ಬೆಳೆಸಬೇಕು ಎಂಬ ಸಾಲು ಇರಲಿ. ಇವರನ್ನೇ ಏಕೆ ಆರಿಸಿದಿರಿ ಎಂಬುದಕ್ಕೂ ಎರಡು ಸಾಲು ಬರೆಯಿರಿ. ಯಾರಾದರೂ ತಕರಾರು ತೆಗೆದರೆ ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನು. ಆಗ ಆ ಎರಡು ಸಾಲಿಗೆ ತೂಕ ಬರುತ್ತದೆ.

ಉಯಿಲಿಗೆ ಛಾಪಾಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಕಡ್ಡಾಯವಾದದ್ದು ಇಬ್ಬರು ಸಾಕ್ಷಿಗಳು. ಅವರ ಎದುರು ನೀನು ಸಹಿ ಹಾಕಬೇಕು, ನಿನ್ನ ಎದುರು ಅವರು ಹಾಕಬೇಕು. ಪಾಲಕರಾಗುವವರನ್ನೂ ಆಸ್ತಿ ಪಡೆಯುವವರನ್ನೂ ಸಾಕ್ಷಿ ಮಾಡಬೇಡ, ನಿನಗಿಂತ ಕಿರಿಯರು ಸಿಕ್ಕರೆ ಒಳ್ಳೆಯದು. ಕಡ್ಡಾಯವಲ್ಲದಿದ್ದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸು ಎಂದೇ ನನ್ನ ಮಾತು; ಕಳೆದುಹೋದರೂ ದಾಖಲೆ ಉಳಿಯುತ್ತದೆ. ಮೂಲಪ್ರತಿಯನ್ನು ನಿಮ್ಮಿಬ್ಬರ ಹೆಸರಿನ ಬ್ಯಾಂಕ್ ಲಾಕರಿನಲ್ಲಿಡಬೇಡ. ಬೇಕಾದ ಹೊತ್ತಿಗೆ ಅದನ್ನು ತೆರೆಸುವುದೇ ಒಂದು ಅಲೆದಾಟ.

ಇನ್ನು ಆಸ್ತಿ. ಮಕ್ಕಳನ್ನು ಸಾಕುವವರೇ ಹಣವನ್ನೂ ನೋಡಿಕೊಳ್ಳಬೇಕೆಂದಿಲ್ಲ, ಬೇರೆ ಬೇರೆ ಮಾಡುವುದೇ ಕ್ಷೇಮ. ಮೈನರ್ ಹೆಸರಿಗೆ ಬಂದ ಮನೆಯನ್ನು ಪಾಲಕರು ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲ, ಅಡ ಇಡುವಂತಿಲ್ಲ. ಮಾರಿದರೆ ಮಗು 18 ತುಂಬಿದ ಮೇಲೆ ಮೂರು ವರ್ಷದೊಳಗೆ ದಾವೆ ಹೂಡಿ ರದ್ದುಮಾಡಿಸಬಹುದು. ಹಾಗಾಗಿ ಕೊಳ್ಳುವವರು ಹಿಂಜರಿಯುತ್ತಾರೆ, ಫೀಸಿಗೆ ಹಣ ಬೇಕಾದಾಗ ಫ್ಲಾಟು ಸುಮ್ಮನೆ ನಿಂತಿರುತ್ತದೆ. ಯಾವ ಕಾಗದವೂ ಇಲ್ಲದೆ ಮಗುವನ್ನು ಮನೆಯಲ್ಲಿಟ್ಟುಕೊಂಡು ಸಾಕುವವರ ಪಾಡು ಇನ್ನೂ ಕಷ್ಟ. ಅದೇ 1956ರ ಕಾಯ್ದೆಯ 11ನೇ ಕಲಮಿನ ಪ್ರಕಾರ ಮಗುವಿನ ಆಸ್ತಿ ಮುಟ್ಟುವ ಹಕ್ಕೇ ಅವರಿಗಿಲ್ಲ. 18 ತುಂಬಿದಾಗ ಪೂರ್ತಿ ಹಣ ಒಮ್ಮೆಗೇ ಮಕ್ಕಳ ಕೈಸೇರುವುದು ಬೇಡ ಎನಿಸಿದರೆ ಉಯಿಲಿನಲ್ಲೇ ಟ್ರಸ್ಟ್ (ಮಕ್ಕಳಿಗಾಗಿ ಹಣವನ್ನು ಬೇರೊಬ್ಬರು ನೋಡಿಕೊಳ್ಳುವ ಏರ್ಪಾಡು) ಮಾಡಬೇಕು. ಆ ಭಾಗವನ್ನು ವಕೀಲರೇ ಬರೆಯಲಿ. ಅಳಿಯಂದಿರ ಊರಿನ ಪಿತ್ರಾರ್ಜಿತ ಜಮೀನು ಒಟ್ಟು ಕುಟುಂಬದಲ್ಲಿ ದೊಡ್ಡವರ ಯಜಮಾನಿಕೆಯಲ್ಲೇ ಇದ್ದರೆ, ಮಕ್ಕಳ ಪಾಲಿಗೆಂದು ಪ್ರತ್ಯೇಕ ಪಾಲಕರನ್ನು ನೇಮಿಸುವ ಪ್ರಶ್ನೆ ಬರುವುದಿಲ್ಲ.

ವಿಮಾ ಪಾಲಿಸಿಯಲ್ಲಿ ಮಗು ನಾಮಿನಿಯಾಗಿದ್ದರೆ ಅಪಾಯಿಂಟೀ ಎಂಬ ಕಾಲಂ ಇರುತ್ತದೆ, ಅಲ್ಲಿ ಹೆಸರಿಸಿದವರ ಕೈಗೆ ಮಗುವಿನ ಪರವಾಗಿ ಹಣ ಬರುತ್ತದೆ. ಬ್ಯಾಂಕಿನಲ್ಲೂ ಮೈನರ್ ನಾಮಿನಿಯ ಪರವಾಗಿ ಪಡೆಯುವವರ ಹೆಸರು ಕೊಡಬೇಕು. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿ, ಪಿಎಫ್ ಎಲ್ಲವನ್ನೂ ತೆಗೆದು ನೋಡು.

ಉಯಿಲು ಜೀವ ಹೋದ ಮೇಲಿನ ಮಾತು. ನೀವಿಬ್ಬರೂ ಐಸಿಯುನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರೆ ಅದರಿಂದ ಪ್ರಯೋಜನವಿಲ್ಲ. ಒಬ್ಬರು ಸರಿಯಿದ್ದರೆ ತೊಂದರೆಯಿಲ್ಲ. ತಂದೆ ನೋಡಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದಾಗ ಅವನು ಬದುಕಿದ್ದರೂ ತಾಯಿ ಪಾಲಕಿ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಇಬ್ಬರೂ ಮಲಗಿದರೆ ಬಂಧುಗಳು 1890ರ ಪಾಲಕರ ಮತ್ತು ಪಾಲ್ಯರ ಕಾಯ್ದೆಯಡಿ ಅರ್ಜಿ ಹಾಕಿ, ಮೊದಲು ಮಧ್ಯಂತರ ಆದೇಶ ಕೇಳಬೇಕು. ಮುಕ್ತ್ಯಾರುನಾಮೆ (ಪವರ್ ಆಫ್ ಅಟಾರ್ನಿ) ಮಾಡಿಸಿಟ್ಟಿದ್ದೇವಲ್ಲ ಎಂಬ ಧೈರ್ಯ ಬೇಡ. ಬರೆದುಕೊಟ್ಟವರು ತೀರಿಕೊಂಡರೆ, ಬುದ್ಧಿ ಸ್ವಾಧೀನ ತಪ್ಪಿದರೆ ಅದು ಮುಗಿಯಿತು. ಜೀವ ಉಳಿಸುವ ಚಿಕಿತ್ಸೆಗೆ ಮಾತ್ರ ಹೆದರಬೇಡ. ಒಪ್ಪಿಗೆ ಕೊಡುವವರು ಸಮಯಕ್ಕೆ ಸಿಗದಿದ್ದರೂ ಮಗುವಿನ ಒಳಿತಿಗಾಗಿ ಸದ್ಭಾವದಿಂದ ಮಾಡಿದ ಚಿಕಿತ್ಸೆ ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು ವೈದ್ಯರಿಗೆ ರಕ್ಷಣೆ ಕೊಟ್ಟಿದೆ.

ಆ ಮೊದಲ ಕೆಲವು ದಿನಗಳಿಗೆ ಒಂದು ಫೈಲು ಬೇಕು: ಮಕ್ಕಳ ಜನನ ಪ್ರಮಾಣಪತ್ರ, ಆಧಾರ್ ನಕಲು, ಲಸಿಕೆ ಕಾರ್ಡು, ರಕ್ತದ ಗುಂಪು, ಯಾವ ಔಷಧಿ ಒಗ್ಗುವುದಿಲ್ಲ, ಮಕ್ಕಳ ವೈದ್ಯರ ನಂಬರು, ಆರೋಗ್ಯ ವಿಮೆಯ ಕಾರ್ಡು, ನಿಮ್ಮಿಬ್ಬರ ಸಹಿಯಿರುವ ಚಿಕಿತ್ಸೆಯ ಒಪ್ಪಿಗೆ ಪತ್ರ. ಶಾಲೆಯಿಂದ ಮಕ್ಕಳನ್ನು ಕರೆದುಕೊಂಡು ಹೋಗುವವರ ಪಟ್ಟಿಗೆ ನೀವು ಆರಿಸಿದ ಪಾಲಕರ ಹೆಸರನ್ನು ಈಗಲೇ ಸೇರಿಸು. ಇಲ್ಲದಿದ್ದರೆ ಸಂಜೆ ಗೇಟಿನ ಬಳಿ ಮಗುವನ್ನು ಕಳಿಸಲು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಫೈಲು ಎಲ್ಲಿದೆ ಎಂಬುದು ಮನೆಯ ಹೊರಗಿನ ಇಬ್ಬರಿಗೆ ಗೊತ್ತಿರಲಿ.

ಈ ವಾರ ಅಳಿಯಂದಿರೊಡನೆ ಕೂತು ಎರಡು ಹೆಸರು ನಿಶ್ಚಯಿಸು. ಉಯಿಲಿನ ಕರಡು ಆದ ಮೇಲೆ ಸಹಿಗೆ ಮುಂಚೆ ಎರಡರ ಪ್ರತಿಯನ್ನೂ ನನಗೆ ಕಳಿಸು, ಓದಿ ಹೇಳುತ್ತೇನೆ. ನಿಮ್ಮಮ್ಮನ ಹತ್ತಿರ ನಾನು ಮಾತಾಡುತ್ತೇನೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ಸೋದರಮಾವ