ಶಾಂಘೈನಿಂದ ನಿನ್ನ ಹಿತ್ತಲಿಗೆ

ಪ್ರಿಯ ಮಂಜುನಾಥ,

ಶಾಂಘೈಗೆ ಬಂದು ಹತ್ತು ದಿನವಾಯಿತು. ಬಂದ ಕೆಲಸ ಮುಗಿದಿದೆ, ನಾಳಿದ್ದು ಹೊರಡುತ್ತೇನೆ. ಉಳಿದದ್ದನ್ನು ಮೈಸೂರಿನಲ್ಲೇ ಕುಳಿತು ಮಾತನಾಡಬಹುದಿತ್ತು. ಆದರೆ ಬರುವ ವಾರವೇ ಹಿತ್ತಲಿಗೆ ಟೈಲ್ಸ್ ಹಾಕಿಸುತ್ತೇನೆ ಎಂದು ನೀನು ಬರೆದಿದ್ದೆಯಲ್ಲ, ಅದಕ್ಕೇ ನಿದ್ದೆಗೆಟ್ಟು ಬರೆಯುತ್ತಿದ್ದೇನೆ.

ಇವತ್ತು ಯುಯುವಾನ್ ಎಂಬ ಹಳೆಯ ತೋಟಕ್ಕೆ ಹೋಗಿದ್ದೆ. ಮೆಟ್ರೋ ಇಳಿದರೆ ಮೊದಲು ಸಿಗುವುದು ತೋಟವಲ್ಲ, ಅಂಗಡಿ ಸಾಲು. ಚಿನ್ನ, ಚಹಾ, ರೇಷ್ಮೆ, ಒಳಗೆ ಬಿಸಿ ಸಾರು ತುಂಬಿ ಹಬೆಯಲ್ಲಿ ಬೇಯಿಸಿದ ಪುಟ್ಟ ಕಡುಬುಗಳು, ಅವುಗಳ ಮುಂದೆ ಉದ್ದದ ಸರತಿ. ದಸರೆಯ ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ಹೂವು ಕೊಳ್ಳಲು ನುಗ್ಗುವ ಜನರನ್ನು ನೆನೆಸಿಕೋ, ಅಷ್ಟು. ನಡುವೆ ಒಂದು ಕೊಳ, ಕೊಳದ ಮಧ್ಯೆ ಚಹಾ ಮಂಟಪ, ಅದಕ್ಕೆ ಒಂಬತ್ತು ತಿರುವಿನ ಸೇತುವೆ. ದುಷ್ಟಶಕ್ತಿಗಳು ನೇರವಾಗಿ ಮಾತ್ರ ನಡೆಯುತ್ತವೆ, ತಿರುವುಗಳಲ್ಲಿ ಹಿಂದೆ ಉಳಿಯುತ್ತವೆ ಎಂಬ ನಂಬಿಕೆಯಂತೆ. ನನಗೆ ಕಂಡದ್ದು ಬೇರೆ: ಪ್ರತಿ ತಿರುವಿನಲ್ಲೂ ಮುಖ ಬೇರೆ ಕಡೆಗೆ ಹೊರಳುತ್ತದೆ, ಅದೇ ಕೊಳ ಹೊಸದಾಗಿ ಕಾಣುತ್ತದೆ.

ಹೆಬ್ಬಾಗಿಲು ದಾಟಿದೆ ನೋಡು, ಗದ್ದಲ ಗೋಡೆಯಾಚೆಗೆ ಉಳಿಯಿತು. ಇಡೀ ತೋಟ ಸುಮಾರು ಐದು ಎಕರೆ. ಆದರೆ ಎಲ್ಲಿ ನಿಂತರೂ ಅದು ಪೂರ್ತಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಒಂದು ಬಿಳಿ ಗೋಡೆ, ಅದರಲ್ಲಿ ಚಂದ್ರನಂತೆ ದುಂಡಗಿನ ಬಾಗಿಲು, ಬಾಗಿಲಿನಾಚೆ ಒಂದಿಷ್ಟೇ ಇಷ್ಟು ನೀರು. ಹತ್ತಿರ ಹೋದರೆ ನೀರು ಬಲಕ್ಕೆ ತಿರುಗಿ ಬಂಡೆಯ ಹಿಂದೆ ಮರೆಯಾಗುತ್ತದೆ. ಜಾಲಂಧ್ರದ ಕಿಟಕಿಗಳಲ್ಲಿ ಪಕ್ಕದ ಅಂಗಳದ ಬಿದಿರು ತುಂಡು ತುಂಡಾಗಿ ಕಾಣುತ್ತದೆ. ಮರೆಮಾಡಿ ಮಾಡಿಯೇ ಜಾಗವನ್ನು ದೊಡ್ಡದು ಮಾಡಿದ್ದಾರೆ.

ಇದನ್ನು ಮಾಡಿಸಿದವನ ಕಥೆಯನ್ನು ನೀನು ಕೇಳಲೇಬೇಕು. ಮಿಂಗ್ ಅರಸರ ಕಾಲದ ಪಾನ್ ಯುನ್‌ದುವಾನ್. 1559ರಲ್ಲಿ ಸರಕಾರಿ ಹುದ್ದೆಯ ದೊಡ್ಡ ಪರೀಕ್ಷೆಯಲ್ಲಿ ನಪಾಸಾಗಿ ಮನೆಗೆ ಮರಳಿದ. ಮನೆಯ ಪಶ್ಚಿಮಕ್ಕೆ ಒಂದಷ್ಟು ತರಕಾರಿ ಮಡಿಗಳಿದ್ದವು. ಅಲ್ಲೇ ಕಲ್ಲು ಕೂಡಿಹಾಕಿ, ಕೊಳ ತೋಡಿ, ಬಿದಿರು ನೆಡಲು ಶುರು ಮಾಡಿದ. ಹಿತ್ತಲು, ಮಂಜು! ಈ ತೋಟದ ಮೂಲ ಒಂದು ತರಕಾರಿ ಹಿತ್ತಲು. ವಯಸ್ಸಾದ ತಂದೆಯ ಮನಸ್ಸಿಗೆ ಹಿತವಾಗಲಿ ಎಂಬುದೇ ಅವನ ಉದ್ದೇಶ, ಹೆಸರಿಟ್ಟದ್ದೂ ಅದೇ ಅರ್ಥದಲ್ಲಿ. ಅಷ್ಟರಲ್ಲಿ ಪರೀಕ್ಷೆ ಪಾಸಾಯಿತು, ಹುದ್ದೆ ಬಂತು, ಕೆಲಸ ನಿಂತಿತು. ದೂರದ ಸಿಚುವಾನ್‌ವರೆಗೂ ಹೋಗಿ ಅಧಿಕಾರ ನಡೆಸಿ, 1577ರಲ್ಲಿ ಎಲ್ಲವನ್ನೂ ಬಿಟ್ಟು ಊರಿಗೆ ಬಂದು ಮತ್ತೆ ಕೈಹಚ್ಚಿದ. ನಡುವೆ ಹದಿನೆಂಟು ವರ್ಷ ಹೋಗಿತ್ತು. ತಂದೆಗೆ ಎಂಬತ್ತು ದಾಟಿತ್ತು.

ನಾನು ಬಹಳ ಹೊತ್ತು ಕುಳಿತದ್ದು ಒಂದು ಕಲ್ಲಿನ ಎದುರು. ಯು ಲಿಂಗ್‌ಲಾಂಗ್ ಎಂದು ಹೆಸರು. ಮೂರು ಮೀಟರಿಗೂ ಮಿಕ್ಕ ಎತ್ತರ, ಮಳೆಗೆ ಕರಗಿ ನಿಂತ ಹುತ್ತದ ಹಾಗಿದೆ, ಮೈಯೆಲ್ಲ ತೂತು. ಬುಡದಲ್ಲಿ ಊದುಬತ್ತಿ ಹಚ್ಚಿಟ್ಟರೆ ಎಲ್ಲ ತೂತುಗಳಿಂದ ಹೊಗೆ ಏಳುತ್ತದೆ, ನೆತ್ತಿಗೆ ನೀರು ಸುರಿದರೆ ಎಲ್ಲ ತೂತುಗಳಿಂದ ಇಳಿಯುತ್ತದೆ ಎಂಬ ಮಾತಿದೆ. ನಾನು ನೋಡುತ್ತಿದ್ದಾಗ ಗುಬ್ಬಿಯೊಂದು ಒಂದು ತೂತಿನಲ್ಲಿ ಹೊಕ್ಕು ಇನ್ನೊಂದರಿಂದ ಹಾರಿಹೋಯಿತು. ಕಲ್ಲಿಗೆ ಎದುರಾಗಿ ಒಂದು ಓದುವ ಕೋಣೆ. ಕೋಣೆಗೆ ಅಲಂಕಾರವಾಗಿ ಕಲ್ಲು ತಂದದ್ದಲ್ಲ, ಕಲ್ಲು ಕಾಣಲೆಂದು ಕೋಣೆ ಕಟ್ಟಿದ್ದು! ನನ್ನ ಪಕ್ಕದ ಜಗಲಿಯಲ್ಲಿ ಒಬ್ಬ ಮುದುಕರು, ಅವರ ಮಗಳು. ಅವಳು ಕಿತ್ತಳೆ ಸುಲಿದು, ಬಿಳಿ ನಾರನ್ನು ಎಳೆಎಳೆಯಾಗಿ ತೆಗೆದು ತೊಳೆಗಳನ್ನು ಅವರ ಅಂಗೈಯಲ್ಲಿ ಇಡುತ್ತಿದ್ದಳು. ಅವರು ಕಲ್ಲು ನೋಡುತ್ತಾ ತಿನ್ನುತ್ತಿದ್ದರು. ಇಬ್ಬರೂ ಮಾತಾಡಲಿಲ್ಲ.

ಇನ್ನೊಂದು ಕಡೆ ಹಳದಿ ಕಲ್ಲುಗಳನ್ನು ಒಟ್ಟಿ ಹದಿನಾಲ್ಕು ಮೀಟರ್ ಎತ್ತರದ ಬೆಟ್ಟವನ್ನೇ ಮಾಡಿದ್ದಾರೆ. ಝಾಂಗ್ ನಾನ್‌ಯಾಂಗ್ ಎಂಬ ಶಿಲ್ಪಿಯ ಕೆಲಸ. ಗಾರೆಗೆ ಅಂಟಕ್ಕಿಯ ಗಂಜಿ ಬೆರೆಸಿದ್ದರಂತೆ. ನಿಮ್ಮ ಹಳೆಯ ಗೋಡೆ ಒಡೆಸುವಾಗ, ಇದು ಬೆಲ್ಲ ಹಾಕಿ ಅರೆದ ಗಾರೆ, ಸುಲಭಕ್ಕೆ ಬಿಡುವುದಿಲ್ಲ ಎಂದು ಮೇಸ್ತ್ರಿ ಹೇಳಿದ್ದು ನೆನಪಾಯಿತು. ಬೆಟ್ಟದ ತುದಿಯಲ್ಲಿ ನದಿ ನೋಡುವ ಮಂಟಪವಿದೆ. ಒಂದು ಕಾಲದಲ್ಲಿ ಅಲ್ಲಿಂದ ಹುವಾಂಗ್‌ಪು ನದಿಯ ದೋಣಿಗಳು ಕಾಣುತ್ತಿದ್ದವು. ಈಗ ಕಟ್ಟಡಗಳು ನದಿಯನ್ನು ಮುಚ್ಚಿವೆ.

ಪಾನ್ ಮನೆತನ ಈ ತೋಟಕ್ಕೇ ಆಸ್ತಿ ಸುರಿದು ಬರಿದಾಯಿತು. ಆಮೇಲೆ ತೋಟ ಕೈಯಿಂದ ಕೈಗೆ ಹೋಯಿತು, ಹಾಳುಬಿತ್ತು. 1842ರಲ್ಲಿ ಬ್ರಿಟಿಷ್ ಸೈನಿಕರು ಇಲ್ಲಿ ಬೀಡುಬಿಟ್ಟರು, 1853ರಲ್ಲಿ ದಂಗೆಯೆದ್ದವರು ಇಲ್ಲಿನ ಒಂದು ಸಭಾಂಗಣವನ್ನೇ ಠಾಣ್ಯ ಮಾಡಿಕೊಂಡರು. ದುರಸ್ತಿಯಾಗಿ ಸಾರ್ವಜನಿಕರಿಗೆ ತೆರೆದದ್ದು 1961ರಲ್ಲಿ. ಇಷ್ಟೆಲ್ಲ ಆದರೂ ಒಂದು ಗಿಂಕೋ ಮರ ಉಳಿದಿದೆ, ನಾನೂರು ವರ್ಷ ದಾಟಿದೆ, ಪಾನ್ ತಾನೇ ನೆಟ್ಟದ್ದೆಂದು ಹೇಳುತ್ತಾರೆ. ಈಗ ಎಲೆ ಉದುರುವ ಕಾಲ. ಬೀಸಣಿಗೆಯಂಥ ಪುಟ್ಟ ಎಲೆಗಳು, ಅಪ್ಪಟ ಅರಿಸಿನ ಬಣ್ಣ. ಎರಡನ್ನು ಆರಿಸಿ ಪಾಸ್‌ಪೋರ್ಟಿನ ನಡುವೆ ಇಟ್ಟುಕೊಂಡಿದ್ದೇನೆ, ನಿಮ್ಮ ಅಪ್ಪನಿಗೆ ಕೊಡಲು.

ಎರಡನೇ ಕಾರಿಗೆ ಜಾಗ ಬೇಕು ಎಂಬ ನಿನ್ನ ಕಷ್ಟ ನನಗೆ ಗೊತ್ತು. ಆದರೂ ಕೇಳುತ್ತೇನೆ. ಆ ಪಾರಿಜಾತ, ಕರಿಬೇವು, ಬಸಳೆಯ ಚಪ್ಪರ, ನಿಮ್ಮ ಅಪ್ಪ ಸಂಜೆ ಕೂರುವ ಬಟ್ಟೆ ಒಗೆಯುವ ಕಲ್ಲು, ಇಷ್ಟಕ್ಕೆ ಹತ್ತಡಿ ಅಗಲ ಸಾಕು. ಅಡುಗೆಮನೆಯ ಬಾಗಿಲಿಗೆ ನೇರವಾಗಿ ಅಲ್ಲ, ಒಂದು ಸಣ್ಣ ಗೋಡೆ ಎಬ್ಬಿಸಿ ಪಕ್ಕದಿಂದ ದಾರಿ ಬಿಡೋಣ. ಪಕ್ಕದ ಮನೆಯ ನೀರಿನ ಟ್ಯಾಂಕ್ ಅವರ ಕಣ್ಣಿಗೆ ಬೀಳದ ಹಾಗೆ ಬಿದಿರು ನೆಡೋಣ. ಭಾನುವಾರ ಬೆಳಿಗ್ಗೆ ಅಳತೆಪಟ್ಟಿ ಹಿಡಿದುಕೊಂಡು ಬರುತ್ತೇನೆ. ಅಲ್ಲಿಯವರೆಗೆ ಟೈಲ್ಸಿನವನಿಗೆ ತಡೆಯಲು ಹೇಳು. ಆ ಕಲ್ಲನ್ನಂತೂ ಯಾರೂ ಅಲುಗಿಸದಿರಲಿ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ಶ್ರೀಧರ