7 ದೊಡ್ಡದೋ 12 ದೊಡ್ಡದೋ: ರೈಫಲ್ ನಳಿಗೆಯ ತಿರುವಿನ ಬಗ್ಗೆ ಒಂದು ತಿದ್ದುಪಡಿ

ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ರೈಫಲ್ ಶೂಟಿಂಗ್ ಲೇಖನ ಓದಿದೆ. ಈ ಆಟದ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ, ಹಾಗಾಗಿ ಖುಷಿಯಾಯಿತು. ಆದರೆ ಸವೆದ ನಳಿಗೆ ತೆಗೆದು ಹೊಸದು ಹಾಕಿಸುವ ಭಾಗದಲ್ಲಿ ಎರಡು ತಪ್ಪು ನುಸುಳಿವೆ. 1:12 ತಿರುವು 1:7ಕ್ಕಿಂತ ಜೋರು ಅಂತ ಬರೆದಿದ್ದಾರೆ. ತಿರುವು ಜೋರಾದಷ್ಟೂ ಗುರಿ ಚೊಕ್ಕ ಅಂತಲೂ ಬರೆದಿದ್ದಾರೆ. ಮೊದಲನೆಯದು ಕಣ್ತಪ್ಪು ಇರಬಹುದು, ಬಿಡಿ. ಎರಡನೆಯದನ್ನು ನಂಬಿ ಯಾರಾದರೂ ನಳಿಗೆ ಕೊಂಡುಬಿಟ್ಟರೆ ಕಷ್ಟ. ತಿರುವಿನ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡವನು ನಾನು, ಅದಕ್ಕೇ ಈ ಪತ್ರ.

ರೈಫಲ್ ನಳಿಗೆಯ ಒಳಮೈ ನುಣುಪಾಗಿರುವುದಿಲ್ಲ. ಅದರ ಉದ್ದಕ್ಕೂ ಸುರುಳಿಯಾಗಿ ಗೀರು ಕೊರೆದಿರುತ್ತಾರೆ. ಗುಂಡು ಆ ಗೀರುಗಳಿಗೆ ಕಚ್ಚಿಕೊಂಡು ಸುತ್ತುತ್ತಲೇ ಮುಂದೆ ಹೋಗುತ್ತದೆ. ಒಂದು ಪೂರ್ತಿ ಸುತ್ತಿಗೆ ಎಷ್ಟು ಇಂಚು ಬೇಕು ಅನ್ನುವುದೇ ತಿರುವಿನ ಲೆಕ್ಕ. 1:12 ಅಂದರೆ 12 ಇಂಚಿಗೆ ಒಂದು ಸುತ್ತು. 1:7 ಅಂದರೆ 7 ಇಂಚಿಗೇ ಒಂದು ಸುತ್ತು ಮುಗಿದುಹೋಯಿತು. ಅಂಕಿ ಚಿಕ್ಕದಾದಷ್ಟೂ ತಿರುವು ಜೋರು. ಹತ್ತಾರು ವರ್ಷ ಶೂಟಿಂಗ್ ಮಾಡಿದವರೂ ಮಾತಿನ ಭರದಲ್ಲಿ ಇದನ್ನು ಉಲ್ಟಾ ಹೇಳುವುದನ್ನು ಕೇಳಿದ್ದೇನೆ, ನಿಮ್ಮ ಲೇಖಕರೊಬ್ಬರನ್ನೇ ದೂರುತ್ತಿಲ್ಲ.

ಸುತ್ತು ಯಾಕೆ ಬೇಕು ಅಂದರೆ, ಬುಗುರಿ ನೆನೆಸಿಕೊಳ್ಳಿ. ಸುತ್ತುವಷ್ಟು ಹೊತ್ತು ನೆಟ್ಟಗೆ ನಿಂತಿರುತ್ತದೆ, ಸುತ್ತು ಕಮ್ಮಿಯಾದರೆ ತೂರಾಡಿ ಬೀಳುತ್ತದೆ. ಚೂಪು ಮೂತಿಯ ಗುಂಡಿನ ಕಥೆಯೂ ಹೆಚ್ಚುಕಡಿಮೆ ಅದೇ. ಅದರ ಭಾರ ಹಿಂಭಾಗದಲ್ಲಿ ಜಾಸ್ತಿ, ಗಾಳಿ ತಳ್ಳುವುದು ಮುಂಭಾಗವನ್ನು. ಹಾಗಾಗಿ ಗಾಳಿ ಅದನ್ನು ಸದಾ ಹಿಂದುಮುಂದು ಮಾಡಲು ನೋಡುತ್ತಿರುತ್ತದೆ, ಸುತ್ತು ಅದಕ್ಕೆ ಬಿಡುವುದಿಲ್ಲ. ಸುತ್ತು ಸಾಲದೆ ಹೋದರೆ ಗುಂಡು ಪಲ್ಟಿ ಹೊಡೆಯುತ್ತಾ ಹೋಗಿ ಗುರಿಯ ಕಾಗದಕ್ಕೆ ಅಡ್ಡಡ್ಡ ಬಡಿಯುತ್ತದೆ. ಆಗ ದುಂಡನೆಯ ತೂತಿನ ಬದಲು ಗುಂಡಿನ ಪಕ್ಕನೋಟವೇ ಕಾಗದದ ಮೇಲೆ ಮೂಡುತ್ತದೆ. ಬೀಗದ ಕೈ ತೂತಿನ ಹಾಗೆ ಕಾಣುವುದರಿಂದ ಇದಕ್ಕೆ ಕೀಹೋಲ್ ಅನ್ನುತ್ತಾರೆ.

ಈ ಕೀಹೋಲನ್ನು ನಾನು ನೋಡಿದ್ದು ಹೊಸ ನಳಿಗೆ ಹಾಕಿಸಿದ ಮೊದಲ ದಿನವೇ. ನನ್ನದು .223 ರೈಫಲ್. ಹಳೆಯ ನಳಿಗೆಯಲ್ಲಿ 77 ಗ್ರೇನ್‌ನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಉದ್ದ ಗುಂಡು ವರ್ಷಗಟ್ಟಲೆ ಚೆನ್ನಾಗಿ ಹೋಗುತ್ತಿತ್ತು. ಅದು ಸವೆಯಿತು, ಬದಲಾಯಿಸಬೇಕಾಯಿತು. ಅದೇ ಕ್ಯಾಲಿಬರ್ (ನಳಿಗೆಯ ತೂತಿನ ಅಳತೆ), ಅದೇ ಉದ್ದ, ಅದೇ ದಪ್ಪ ಎಂದು ಹೇಳಿ ಹೊಸದು ತರಿಸಿದೆ. ತಿರುವು ಎಷ್ಟು ಅಂತ ಕೇಳಲೇ ಇಲ್ಲ! ಅದು ಕೇಳುವ ವಿಷಯ ಅನ್ನುವುದೇ ಹೊಳೆಯಲಿಲ್ಲ. 50 ಮೀಟರಿನಲ್ಲಿ ತೂತುಗಳು ಮೊಟ್ಟೆಯಾಕಾರ. 100 ಮೀಟರಿಗೆ ಹೋದರೆ ಒಂದೊಂದು ಗುಂಡೂ ಮಲಗಿಕೊಂಡೇ ಬಂದು ಬಡಿದಿದೆ, ಒಂದೆರಡು ಕಾಗದವನ್ನೇ ಮುಟ್ಟಿಲ್ಲ. ಸ್ಕೋಪ್ ಸಡಿಲವಾಗಿದೆ ಅಂದುಕೊಂಡೆ. ಆಮೇಲೆ ನಳಿಗೆ ಕೂರಿಸಿದ ಮೇಸ್ತ್ರಿಯ ಮೇಲೆ ಅನುಮಾನ ಬಂತು, ಪಾಪ, ಆತನ ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಕೊನೆಗೆ ಹಿರಿಯರೊಬ್ಬರು, ತಿರುವು ಅಳೆದಿದ್ದೀಯೇನಪ್ಪಾ ಅಂತ ಕೇಳಿದರು.

ಅಳೆಯುವುದು ಬಹಳ ಸುಲಭ. ಮೊದಲು ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿಕೊಂಡು ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಭಾಗ, ಹೊರಗೆ ತೆಗೆಯಬೇಕು. ಹಿಡಿ ಒಂದು ಕಡೆ ನಿಂತು ಸಲಾಕೆ ಮಾತ್ರ ಸುತ್ತುವಂಥ ಕ್ಲೀನಿಂಗ್ ರಾಡ್ ಬೇಕು. ಅದರ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಿ. ಬಟ್ಟೆ ಗೀರುಗಳನ್ನು ಕಚ್ಚಿಕೊಂಡ ಮೇಲೆ ರಾಡಿನ ನೆತ್ತಿಯ ಮೇಲೊಂದು ಗುರುತು ಹಾಕಿ, ರಾಡ್ ಎಲ್ಲಿದೆ ಅಂತಲೂ ಗುರುತು ಮಾಡಿಕೊಳ್ಳಿ. ನಿಧಾನವಾಗಿ ತಳ್ಳುತ್ತಾ ಹೋದರೆ ಗುರುತು ಒಂದು ಸುತ್ತು ಬಂದು ಮತ್ತೆ ನೆತ್ತಿಗೆ ಬರುತ್ತದೆ. ಅಷ್ಟರಲ್ಲಿ ರಾಡ್ ಎಷ್ಟು ಇಂಚು ಒಳಗೆ ಹೋಯಿತೋ ಅದೇ ತಿರುವು. ಬಟ್ಟೆ ಜಾರಿದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ಮೂರ್ನಾಲ್ಕು ಸಲ ಅಳೆಯಬೇಕು. ಹಳೆಯದು 8 ಇಂಚು ಬಂತು. ಹೊಸದು 12. ಮೇಸ್ತ್ರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಇಲ್ಲಿ ಇನ್ನೊಂದು ಗೊಂದಲ ಇದೆ. ಭಾರದ ಗುಂಡಿಗೆ ಜೋರು ತಿರುವು ಬೇಕು ಅಂತ ಎಲ್ಲರೂ ಹೇಳುತ್ತಾರೆ, ನಾವೂ ಗ್ರೇನ್ ಲೆಕ್ಕದಲ್ಲೇ ಮಾತಾಡುತ್ತೇವೆ. ನಿಜವಾಗಿ ನೋಡಬೇಕಾದದ್ದು ಗುಂಡಿನ ಉದ್ದವನ್ನು. ಒಂದೇ ದಪ್ಪದ ಸೀಸದ ಗುಂಡುಗಳಲ್ಲಿ ಭಾರ ಹೆಚ್ಚಿದರೆ ಉದ್ದವೂ ಹೆಚ್ಚುತ್ತದೆ, ಅದಕ್ಕೇ ಆ ಮಾತು ನಡೆದುಹೋಗುತ್ತದೆ. ಪೂರ್ತಿ ತಾಮ್ರದ ಗುಂಡು ಬಂದಾಗ ಕೈಕೊಡುತ್ತದೆ. ತಾಮ್ರ ಸೀಸಕ್ಕಿಂತ ಹಗುರ, ಅಷ್ಟೇ ಗ್ರೇನ್ ತೂಗಬೇಕಾದರೆ ಗುಂಡು ಇನ್ನಷ್ಟು ಉದ್ದವಾಗಲೇಬೇಕು. ಸೀಸದ ಗುಂಡು ಚೆನ್ನಾಗಿ ಹೋಗುತ್ತಿದ್ದ ನಳಿಗೆಯಲ್ಲೇ ಅದೇ ತೂಕದ ತಾಮ್ರದ ಗುಂಡು ತೂರಾಡಿದರೆ ಕಾರಣ ಇದೇ.

ಯಾವ ಉದ್ದದ ಗುಂಡಿಗೆ ಎಷ್ಟು ತಿರುವು ಬೇಕು ಅನ್ನುವುದಕ್ಕೆ 1879ರಲ್ಲೇ ಗ್ರೀನ್‌ಹಿಲ್ ಎಂಬ ಇಂಗ್ಲಿಷ್ ಗಣಿತಜ್ಞ ಒಂದು ಸೂತ್ರ ಕೊಟ್ಟಿದ್ದಾರೆ. ಫಿರಂಗಿ ಗುಂಡುಗಳಿಗಾಗಿ ಮಾಡಿದ್ದು, ಆದರೆ ರೈಫಲಿಗೂ ಒಗ್ಗುತ್ತದೆ. ಗುಂಡಿನ ವ್ಯಾಸವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ, ಬರುವುದೇ ಬೇಕಾದ ತಿರುವು. ಎಲ್ಲವೂ ಇಂಚಿನಲ್ಲಿ. ವೇಗ ಸೆಕೆಂಡಿಗೆ 2800 ಅಡಿ ದಾಟಿದರೆ 150ರ ಬದಲು 180 ಹಾಕುವುದು ರೂಢಿ. .223ರ ಗುಂಡಿನ ವ್ಯಾಸ 0.224 ಇಂಚು. ಮುಕ್ಕಾಲು ಇಂಚು ಉದ್ದದ ವೇಗದ ಗುಂಡಿಗೆ ಲೆಕ್ಕ ಹಾಕಿದರೆ 12 ಬರುತ್ತದೆ. ಒಂದು ಇಂಚು ಉದ್ದದ ಗುಂಡು, ವೇಗವೂ ಸ್ವಲ್ಪ ಕಮ್ಮಿ ಅಂದುಕೊಂಡರೆ 7.5. ನನ್ನ 77 ಗ್ರೇನ್ ಗುಂಡಿನ ಉದ್ದ ಸುಮಾರು ಒಂದು ಇಂಚೇ! ಐದು ನಿಮಿಷದ ಲೆಕ್ಕ ಇದು, ನಳಿಗೆ ತರಿಸುವ ಮೊದಲೇ ಮಾಡಿದ್ದರೆ ಆಗುತ್ತಿತ್ತು, ಅಲ್ವಾ? ಈಗ ಹೆಚ್ಚಿನವರು ಡಾನ್ ಮಿಲ್ಲರ್ ಅವರ ಸೂತ್ರ ಬಳಸುತ್ತಾರೆ. ಅದರಲ್ಲಿ ಗುಂಡಿನ ತೂಕ, ವೇಗ, ಗಾಳಿಯ ಉಷ್ಣತೆ ಮತ್ತು ಒತ್ತಡಕ್ಕೂ ಲೆಕ್ಕವಿದೆ. ಅದರಿಂದ ಸಿಗುವ ಸ್ಥಿರತೆಯ ಅಂಕಿ 1ಕ್ಕಿಂತ ಕೆಳಗೆ ಬಂದರೆ ಗುಂಡು ಪಲ್ಟಿ, 1.5ರ ಆಸುಪಾಸು ಇದ್ದರೆ ನಿಶ್ಚಿಂತೆ.

ಗಾಳಿಯ ಲೆಕ್ಕ ಯಾಕೆ ಅಂತ ಅನಿಸಬಹುದು. ಅಮೆರಿಕ ಸೇನೆಯ ಎಂ16 ರೈಫಲಿನ ಶುರುವಿನ ನಳಿಗೆಗಳಿಗೆ 14 ಇಂಚಿನ ತಿರುವು ಇತ್ತು. ಮಾಮೂಲಿ ಹವೆಯಲ್ಲಿ ಹೇಗೋ ನಡೆಯುತ್ತಿತ್ತು, ಕೊರೆಯುವ ಚಳಿಯಲ್ಲಿ ಗುಂಡು ಸ್ಥಿರವಾಗಿ ನಿಲ್ಲಲಿಲ್ಲ. ತಣ್ಣನೆಯ ಗಾಳಿ ಹೆಚ್ಚು ಸಾಂದ್ರ, ಗುಂಡನ್ನು ಉರುಳಿಸಲು ಅದಕ್ಕೆ ಬಲ ಜಾಸ್ತಿ. ಆಮೇಲೆ 12ಕ್ಕೆ ತಂದರು. ಮುಂದೆ 62 ಗ್ರೇನ್‌ನ ಉದ್ದ ಗುಂಡು, ಅದಕ್ಕಿಂತಲೂ ಉದ್ದದ ಟ್ರೇಸರ್ ಗುಂಡು (ಹೋಗುವ ದಾರಿ ಕಾಣಲೆಂದು ಉರಿಯುತ್ತಾ ಹೋಗುವಂಥದ್ದು) ಬಂದಾಗ ಎಂ16ರ ಮುಂದಿನ ಮಾದರಿ ಎಂ16ಎ2ಗೆ 7 ಇಂಚಿನ ತಿರುವು ಕೊಟ್ಟರು. 62 ಗ್ರೇನ್ ಗುಂಡಿಗಷ್ಟೇ ಆದರೆ 9 ಸಾಕಿತ್ತು, 7ಕ್ಕೆ ಹೋಗಿದ್ದು ಟ್ರೇಸರಿಗಾಗಿ. ಸೇನೆಯದು 7, ಹಾಗಾಗಿ 7ಏ ಶ್ರೇಷ್ಠ ಅಂತ ಸುಮ್ನೆ ವಾದ ಮಾಡುವವರಿಗೆ ಇದು ಗೊತ್ತಿರುವುದಿಲ್ಲ.

ತಿರುವಿನ ಆಯ್ಕೆ ತಪ್ಪಿದ್ದರಿಂದ ಒಂದು ಒಳ್ಳೆಯ ತೋಟೆಯೇ (ಗುಂಡು, ಮದ್ದು, ಹಿತ್ತಾಳೆ ಕೋಶ ಎಲ್ಲ ಸೇರಿದ್ದು) ಮೂಲೆ ಸೇರಿದ ಉದಾಹರಣೆಯೂ ಇದೆ. 1955ರಲ್ಲಿ 6 ಎಂಎಂ ಗುಂಡಿನ ಎರಡು ತೋಟೆಗಳು ಬಂದವು, .243 ವಿಂಚೆಸ್ಟರ್ ಮತ್ತು .244 ರೆಮಿಂಗ್ಟನ್. ವಿಂಚೆಸ್ಟರ್ ಕಂಪನಿ 10 ಇಂಚಿನ ತಿರುವು ಕೊಟ್ಟು 100 ಗ್ರೇನ್ ಗುಂಡಿಗೂ ದಾರಿ ಮಾಡಿತು. ರೆಮಿಂಗ್ಟನ್ ಹಗುರ ಗುಂಡೇ ಸಾಕು ಎಂದು 12ಕ್ಕೆ ನಿಂತಿತು. ಜನ .243ರ ಕಡೆ ಹೋದರು. ರೆಮಿಂಗ್ಟನ್ ಆಮೇಲೆ ತಿರುವನ್ನು 9ಕ್ಕೆ ತಂದಿತು, 1963ರಲ್ಲಿ 6 ಎಂಎಂ ರೆಮಿಂಗ್ಟನ್ ಅಂತ ಹೆಸರನ್ನೂ ಬದಲಾಯಿಸಿತು. ಅಷ್ಟರಲ್ಲಿ .243 ಬೇರು ಬಿಟ್ಟಾಗಿತ್ತು.

ಹಾಗಾದರೆ ಎಲ್ಲರೂ 7 ಇಂಚಿನದೇ ಹಾಕಿಸಿಕೊಳ್ಳಲಿ ಅನ್ನಬಹುದು. ನಿಮ್ಮ ಲೇಖನ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಸೆಕೆಂಡಿಗೆ 3000 ಅಡಿ ವೇಗದ ಗುಂಡು 12 ಇಂಚಿನ ತಿರುವಿನಲ್ಲಿ ನಿಮಿಷಕ್ಕೆ 1,80,000 ಸುತ್ತು ಸುತ್ತುತ್ತದೆ. 7 ಇಂಚಿನದರಲ್ಲಿ 3 ಲಕ್ಷ ದಾಟುತ್ತದೆ. ತೆಳು ಹೊದಿಕೆಯ ಹಗುರ ಗುಂಡುಗಳು ಅಷ್ಟು ಸುತ್ತು ತಡೆಯಲಾರದೆ ಗುರಿ ಮುಟ್ಟುವ ಮೊದಲೇ ಗಾಳಿಯಲ್ಲಿ ಚೂರಾಗುವುದುಂಟು. ಕಾಗದದ ಮೇಲೆ ತೂತೇ ಇಲ್ಲ, ಗುಂಡು ಎಲ್ಲಿ ಹೋಯಿತು ಅಂತ ತಲೆ ಕೆರೆದುಕೊಳ್ಳುತ್ತಾ ಕೂರಬೇಕು. ಗುಂಡಿನ ಭಾರ ನಟ್ಟನಡುವೆ ಇಲ್ಲದಿದ್ದರೆ ಆ ಕೊರತೆಯನ್ನೂ ಜೋರು ಸುತ್ತು ಎತ್ತಿ ತೋರಿಸುತ್ತದೆ. ಆದರೂ ನನ್ನನ್ನು ಕೇಳಿದರೆ, ಎರಡು ಅಂಕಿಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಸ್ವಲ್ಪ ಜೋರಿನ ಕಡೆಗೇ ವಾಲುವುದು ವಾಸಿ. ಸುತ್ತು ಒಂಚೂರು ಜಾಸ್ತಿಯಾದರೆ ಗುಂಪು, ಅಂದರೆ ಕಾಗದದ ಮೇಲೆ ತೂತುಗಳು ಬೀಳುವ ಜಾಗ, ಸ್ವಲ್ಪ ಅಗಲವಾಗಬಹುದು. ಕಮ್ಮಿಯಾದರೆ ಗುಂಪೇ ಇರುವುದಿಲ್ಲ.

ಅಂದಮೇಲೆ ನಳಿಗೆಗಿಂತ ಮೊದಲು ಗುಂಡು ಆರಿಸಬೇಕು. ನಾನು ಮಾಡಿದ್ದು ಅದರ ಉಲ್ಟಾ.

ನಳಿಗೆ ಸವೆದಿದೆ ಅಂತ ಗೊತ್ತಾಗುವುದು ಹೇಗೆ ಅಂತ ಲೇಖನದಲ್ಲಿ ಇರಲಿಲ್ಲ. ಗೀರುಗಳೆಲ್ಲ ಒಂದೇ ಸಮ ಸವೆಯುವುದಿಲ್ಲ. ತೋಟೆ ಕೂರುವ ಜಾಗದ ಮುಂದಿನ ಭಾಗ ಮೊದಲು ಹೋಗುತ್ತದೆ, ಮದ್ದಿನ ಬೆಂಕಿ, ಒತ್ತಡ ಎಲ್ಲ ಅಲ್ಲೇ ಜಾಸ್ತಿ. ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿರುತ್ತದೆ. ಗುಂಪು ಅಗಲವಾಗುತ್ತಾ ಬಂದು, ಕ್ಲೀನ್ ಮಾಡಿದರೂ ಸರಿಹೋಗದಿದ್ದರೆ ಅಲ್ಲಿಗೆ ಅದರ ಕೆಲಸ ಮುಗಿಯಿತು. ಮದ್ದು ಬಹಳ ಕಮ್ಮಿ ಇರುವ ಸಣ್ಣ .22 ತೋಟೆಯ (ನನ್ನ .223 ಅಲ್ಲ) ನಳಿಗೆ ಹತ್ತಾರು ಸಾವಿರ ಗುಂಡು ತಾಳುತ್ತದೆ. ಮದ್ದು ಜಾಸ್ತಿ, ತೂತು ಸಣ್ಣ ಇರುವ ತೋಟೆಗಳಲ್ಲಿ ಎರಡು ಮೂರು ಸಾವಿರಕ್ಕೇ ಬದಲಾಯಿಸುವವರಿದ್ದಾರೆ.

ಕೂರಿಸುವ ಕೆಲಸ ಮಾತ್ರ ಲೈಸೆನ್ಸ್ ಇರುವ, ಕೆಲಸ ಬಲ್ಲ ಮೇಸ್ತ್ರಿಗೇ ಬಿಡಿ. ನಳಿಗೆ ತಿರುಗಿಸಿ ಬಿಗಿದರೆ ಮುಗಿಯಲಿಲ್ಲ, ಹೆಡ್‌ಸ್ಪೇಸ್ ಅಂತ ಒಂದಿದೆ. ಬೋಲ್ಟಿನ ಮುಖಕ್ಕೂ ಒಳಗೆ ತೋಟೆ ತಡೆದು ನಿಲ್ಲುವ ಜಾಗಕ್ಕೂ ಇರುವ ಅಂತರ ಅದು. ಅದನ್ನು ನೋಡಲು ಗೋ, ನೋ-ಗೋ ಅಂತ ಎರಡು ಗೇಜ್ ಇರುತ್ತವೆ. ಗೋ ಇಟ್ಟಾಗ ಬೋಲ್ಟ್ ಮುಚ್ಚಬೇಕು, ನೋ-ಗೋ ಇಟ್ಟಾಗ ಮುಚ್ಚಬಾರದು. ಅಂತರ ಜಾಸ್ತಿಯಾದರೆ ಹಿತ್ತಾಳೆಯ ಕೋಶ ಹರಿದು ಬಿಸಿ ಅನಿಲ ಹಿಂದಕ್ಕೆ, ಅಂದರೆ ಮುಖದ ಕಡೆಗೇ ನುಗ್ಗಬಹುದು. ಎರಡೂ ಗೇಜ್ ಇಟ್ಟು ತೋರಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ತಿದ್ದುಪಡಿ ಹಾಕುವಾಗ ಸಂಪಾದಕರಲ್ಲಿ ಒಂದು ಕೋರಿಕೆ. ಬರೀ 1:7 ಅಂತ ಅಚ್ಚು ಮಾಡಬೇಡಿ, 7 ಇಂಚಿಗೆ ಒಂದು ಸುತ್ತು ಅಂತ ಬಿಡಿಸಿ ಬರೆಯಿರಿ. ಹೊಸಬರಿಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಹೊಸ ನಳಿಗೆಯನ್ನು ಏನು ಮಾಡಿದಿರಿ ಅಂತ ಕೇಳುವವರಿಗೆ: ಅದು ಇನ್ನೂ ರೈಫಲಿನಲ್ಲೇ ಇದೆ, ಈಗ 55 ಗ್ರೇನ್ ಗುಂಡು ಹಾಕುತ್ತಿದ್ದೇನೆ, ತೂತುಗಳು ದುಂಡಗೇ ಬೀಳುತ್ತಿವೆ. 77 ಗ್ರೇನ್ ಡಬ್ಬಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿವೆ.

ಇತಿ,
ಒಬ್ಬ ಓದುಗ