26ಕ್ಕೆ ಅಣ್ಣನ ನೆನಪು, ಮನೆಗೆ ಬನ್ನಿ

ಎಲ್ಲರಿಗೂ ನಮಸ್ಕಾರ. ಜುಲೈ 26, ಕಾರ್ಗಿಲ್ ವಿಜಯ ದಿನ. ಬೆಳಿಗ್ಗೆ 10ಕ್ಕೆ ಅಣ್ಣನ ಫೋಟೋ ಮುಂದೆ ದೀಪ ಹಚ್ಚುತ್ತೇವೆ. ಭಾಷಣ, ಮೈಕ್ ಏನೂ ಇಲ್ಲ. ಅಮ್ಮನಿಗೆ ಅದೆಲ್ಲ ಆಗುವುದಿಲ್ಲ.

ಗುಂಪಿನ ಚಿಕ್ಕವರಿಗಾಗಿ ಹೇಳುತ್ತೇನೆ. ಅಣ್ಣ ತೀರಿಕೊಂಡಿದ್ದು 1999ರ ಜೂನ್‌ನಲ್ಲಿ, ಕಾರ್ಗಿಲ್ ಯುದ್ಧದಲ್ಲಿ, ಲಡಾಖ್‌ನ ದ್ರಾಸ್ ಕಡೆ. ಆ ಯುದ್ಧದಲ್ಲಿ ನಮ್ಮ 527 ಯೋಧರು ತೀರಿಕೊಂಡರು. ದ್ರಾಸ್‌ನ ಸ್ಮಾರಕ ತೋಲೋಲಿಂಗ್ ಬೆಟ್ಟದ ಬುಡದಲ್ಲೇ ಇದೆ. ಅಲ್ಲಿ ನಿಂತು ಮೇಲೆ ನೋಡಿದಾಗಲೇ ನನಗೆ ಅರ್ಥವಾಗಿದ್ದು. ಮರೆಗೆ ಒಂದು ಮರವೂ ಇಲ್ಲ, ಮೇಲೆ ಕೂತ ಶತ್ರುಗಳಿಗೆ ಕೆಳಗಿನದೆಲ್ಲ ಕಾಣುತ್ತದೆ. ಅದಕ್ಕೇ ನಮ್ಮವರು ಕತ್ತಲಲ್ಲಿ ಹತ್ತುತ್ತಿದ್ದರು.

ಸುದ್ದಿ ಬಂದ ಒಂಬತ್ತು ದಿನಕ್ಕೆ ಅವನ ಇನ್‌ಲ್ಯಾಂಡ್ ಪತ್ರ ಬಂತು. ಅವನ ವಿಳಾಸದಲ್ಲಿ ಊರಿನ ಹೆಸರಿಲ್ಲ, 56 ಎಪಿಒ (ಸೇನೆಯ ಅಂಚೆ ಕಚೇರಿ) ಅಂತ ಅಷ್ಟೇ. ನನ್ನ ಪಿಯುಸಿ ಮಾರ್ಕ್ಸ್ ಎಷ್ಟು ಅಂತ ಕೇಳಿದ್ದ.

ಅವನ ಹಳೆಯ ಫೋಟೋ, ಪತ್ರ ಇದ್ದವರು ತನ್ನಿ. ಆದರೆ ಸುಮ್ನೆ ಯುದ್ಧದ ವಿಡಿಯೊ ಫಾರ್ವರ್ಡ್ ಮಾಡಬೇಡಿ, ಅಮ್ಮನೂ ಈ ಗುಂಪಿನಲ್ಲಿದ್ದಾರೆ. ಊಟಕ್ಕೆ ಅವನಿಗಿಷ್ಟದ ಹಲಸಿನ ಹಣ್ಣಿನ ಕಡುಬು. ಎಷ್ಟು ಜನ ಅಂತ ಎರಡು ದಿನ ಮುಂಚೆ ತಿಳಿಸಿ, ಬಾಳೆ ಎಲೆ ಕೊಯ್ಯಬೇಕಲ್ವಾ?